ಕಾಲು ಬಂತೆಂದು ಹೊಳೆಮ್ಮನೇ ಹೇಳಬೇಕು

ಬೆಳಗಿನ ಐದೂವರೆ. ಕಡ್ಡಿರಾಂಪುರದ ಬಾಳೆತೋಟಗಳ ಆಚೆ, ಹೆಬ್ಬಂಡೆಗಳ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಹೊಳೆಮ್ಮ ಲಾಯದ ಮೊದಲ ಕೋಣೆಗೆ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಎದುರಿಗೆ ನಾನೂರೈವತ್ತು ಕಿಲೋ ತೂಕದ ಕರಿ ಕುದುರೆ. ಮನಸ್ಸು ಮಾಡಿದರೆ ಒಂದೇ ಒದೆಗೆ ಆಳನ್ನು ಗೋಡೆಗೆ ಅಂಟಿಸಬಲ್ಲದು. ಅದರ ಮುಂಗಾಲಿಗೆ ಹೊಳೆಮ್ಮ ತಮ್ಮ ಎಡಗೈಯ ಹಿಂಬದಿ ತಾಗಿಸುತ್ತಾರೆ. ಅಂಗೈಯಲ್ಲ, ಹಿಂಬದಿ. ಮೊಣಕಾಲಿನಿಂದ ಗೊರಸಿನ ತನಕ ಕೈ ನಿಧಾನ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಕುದುರೆ ಕಿವಿ ಕೂಡ ಅಲುಗಿಸದೆ ನಿಂತಿದೆ.

“ತಣ್ಣಗೈತಿ,” ಎನ್ನುತ್ತಾರೆ. ಇನ್ನೊಂದು ಕಾಲು. “ಇದೂ ತಣ್ಣಗೈತಿ.”

ಆರು ಕುದುರೆ, ಇಪ್ಪತ್ತನಾಲ್ಕು ಕಾಲು. ಒಂಬತ್ತು ವರ್ಷದಿಂದ ಹೊಳೆಮ್ಮನ ದಿನ ಶುರುವಾಗುವುದೇ ಹೀಗೆ. ಇವತ್ತು ಮಾತ್ರ ಕೈ ಕುದುರೆಯ ಕಾಲ ಮೇಲಿದ್ದರೂ ಕಿವಿ ಕಿಟಕಿಯ ಕಡೆಗಿದೆ. ಅಲ್ಲಿ ಕಲ್ಲಿನ ಮೇಲೆ, ಸದ್ದು ಪೂರ್ತಿ ಏರಿಸಿಟ್ಟ ಹಳೆಯ ಮೊಬೈಲ್ ಕುಳಿತಿದೆ. ಅವರು ಸಾಕಿ ಬೆಳೆಸಿದ ಕೆಂಪಿ ಎಂಬ ಹೆಣ್ಣು ಕುದುರೆ ನಿನ್ನೆ ಮಧ್ಯಾಹ್ನ ಮೈಸೂರಿನಲ್ಲಿ ಮೊದಲ ಸಲ ರೇಸ್ ಓಡಿದ್ದಾಳೆ. ಗೆದ್ದಳೋ ಸೋತಳೋ, ಫಾರ್ಮಿನವರಿಗೆಲ್ಲ ನಿನ್ನೆಯೇ ಗೊತ್ತಾಗಿದೆ. ಹೊಳೆಮ್ಮ ಮಾತ್ರ ಕಿವಿಗೆ ಹಾಕಿಕೊಂಡಿಲ್ಲ. ಅವರಿಗೆ ಬೇಕಾದ ಸುದ್ದಿಯೇ ಬೇರೆ. ಓಡಿದ ಮರುದಿನ ಬೆಳಿಗ್ಗೆ ಕೆಂಪಿಯ ಕಾಲು ಬಿಸಿ ಇದೆಯೋ, ತಣ್ಣಗಿದೆಯೋ?

“ಓಡಿದ ದಿನ ಎಲ್ಲಾ ಕುದುರಿ ಕಾಲೂ ಬಿಸಿನ ಇರ್ತಾವ್ರಿ. ಒಂದು ರಾತ್ರಿ ಕಳದ ಮ್ಯಾಲೂ ಬಿಸಿ ಇದ್ರ ಒಳಗ ಪೆಟ್ಟಾಗೈತಿ ಅಂತ. ಮುಂಜಾನಿ ಕಾಲು ಸುಳ್ಳು ಹೇಳೂದಿಲ್ಲ,” ಎನ್ನುತ್ತ ಎದ್ದು ಮುಂದಿನ ಕೋಣೆಗೆ ಹೋಗುತ್ತಾರೆ.

ಇದು ಸಂಡೂರಿನ ಮಹಾಂತೇಶ ಅವರ ಕುದುರೆ ಫಾರ್ಮ್. ತೋರಣಗಲ್ಲಿನ ಕಡೆ ಲಾರಿಗಳನ್ನು ಓಡಿಸುವ ಈ ಸಾಹುಕಾರರಿಗೆ ಕುದುರೆಯೆಂದರೆ ಪ್ರಾಣ. ರೇಸಿಗೆ ಹೋಗುವ ಮೊದಲು ಎಳೆಯ ಕುದುರೆಗಳಿಗೆ ಇಲ್ಲಿ ತಾಲೀಮು, ಓಡಿ ದಣಿದವಕ್ಕೆ ಇಲ್ಲೇ ವಿಶ್ರಾಂತಿ. ತಾಲೀಮು ಕೊಡುವವರು ಹೊಸಪೇಟೆಯ ಜಂಬುನಾಥ್. ಇಪ್ಪತ್ತು ವರ್ಷ ಊರೂರಿನ ರೇಸ್ ಮೈದಾನಗಳಲ್ಲಿ ಕುದುರೆ ಏರಿದವರು, ನಲವತ್ತಾರರಲ್ಲೂ ಹುರಿಹಗ್ಗದಂತಹ ಮೈ. ಹಂಪಿಗೆ ಹೋಗುವ ಪ್ರವಾಸಿಗರು ರಸ್ತೆಬದಿ ಕಾರು ನಿಲ್ಲಿಸಿ ಈ ಕುದುರೆಗಳ ಜತೆ ಸೆಲ್ಫಿ ತೆಗೆದುಕೊಳ್ಳುವುದುಂಟು. “ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬರ್ತೀರಾ?” ಎಂದು ಹೊಳೆಮ್ಮನನ್ನು ಫೋಟೋದಿಂದ ಆಚೆ ಸರಿಸುತ್ತಾರೆ. ಹೊಳೆಮ್ಮ ಸರಿಯುತ್ತಾರೆ. ಬೇಜಾರೇನೂ ಇಲ್ಲ. “ಚೆಂದ ಇರೋದು ಕುದುರಿ, ನಾನಲ್ಲಲ್ಲ,” ಎಂದು ನಗುತ್ತಾರೆ.

ಐವತ್ತನಾಲ್ಕರ ಹೊಳೆಮ್ಮ ಹುಟ್ಟಿದ್ದು ಕಂಪ್ಲಿ ಕಡೆ. ಬುದ್ಧಿ ತಿಳಿಯುವ ಮೊದಲೇ ಭತ್ತದ ಗದ್ದೆಯಲ್ಲಿ ನಾಟಿಗೆ ಬಾಗಿದ ಬೆನ್ನು ಅದು. ಕಡ್ಡಿರಾಂಪುರದ ಗಾಳೆಪ್ಪನವರ ಕೈ ಹಿಡಿದ ಮೇಲೆ ಬಾಳೆತೋಟದ ಕೂಲಿ, ಕಬ್ಬಿನ ಕೂಲಿ, ಕರೆದ ಕಡೆ ಕಳೆ ತೆಗೆಯುವುದು. ಇದರ ಜತೆಗೆ ಅತ್ತೆಯಿಂದ ಬಂದ ಇನ್ನೊಂದು ಕೆಲಸವೂ ಇತ್ತು: ಬಾಣಂತಿ ಮನೆಗೆ ಹೋಗಿ ಹಸುಗೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವುದು. ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಅದರ ಪುಟ್ಟ ಕಾಲುಗಳನ್ನು ತಿಕ್ಕಿ ನೀವಿ ಬಿಡುವುದರಲ್ಲಿ ಹೊಳೆಮ್ಮನ ಕೈ ಊರಿಗೇ ಹೆಸರು. ಈಗಲೂ ಕಡ್ಡಿರಾಂಪುರದಲ್ಲಿ ಬೈಕ್ ಓಡಿಸುವ ಅರ್ಧ ಹುಡುಗರು ಈ ಕಾಲ ಮೇಲೆ ಅತ್ತು ಹೋದವರೇ.

ಆ ಕೆಲಸದಿಂದಲೇ ಬಂದ ಮಾತೊಂದಿದೆ: ಕಾಲು ಬರುವುದು. ಕೂಸು ತಾನಾಗಿ ಎದ್ದು ನಿಂತು ಹೆಜ್ಜೆ ಹಾಕಿದರೆ ‘ಕಾಲು ಬಂದ್ವು’ ಎನ್ನುತ್ತಾರೆ. ಕಾಲು ಇರುವುದು ಬೇರೆ, ಬರುವುದು ಬೇರೆ. “ಕಾಲು ಹುಟ್ಟಿದಾಗಿಂದ ಇರ್ತಾವ್ರಿ. ಆದ್ರ ಮೈ ಹೊರೂ ಶಕ್ತಿ ಬಂದಾಗ ಬಂದಂಗ. ಕೆಲವು ಮಂದಿ ಆತುರಕ್ಕ ಬಿದ್ದು ಎಂಟನೇ ತಿಂಗಳಿಗ ಕೂಸಿನ ಎಳದು ನಿಂದರಸ್ತಾರ. ನಾ ಬೈತಿದ್ದೆ. ಬಿಡ್ರೇ, ಬರೂ ಹೊತ್ತಿಗೆ ಬರ್ತಾವು ಅಂತಿದ್ದೆ.”

ಈ ಮಾತು ನೆನಪಿರಲಿ. ಮುಂದೆ ಇದೇ ಮಾತಿಗೆ ಒಂದು ಲಾರಿ ಬಂದು ನಿಲ್ಲುವುದಿದೆ.

ಫಾರ್ಮಿಗೆ ಹೊಳೆಮ್ಮ ಬಂದದ್ದು ಕುದುರೆಮೆಂತೆ ಕೊಯ್ಯಲು. ಕುದುರೆಗೆ ಬಲು ಇಷ್ಟದ ಹಸಿ ಮೇವು ಅದು. ಒಂದು ದಿನ ಮೇವಿನ ಹೊರೆ ಇಳಿಸುವಾಗ, ಯಾರಿಗೂ ಕಾಲು ಮುಟ್ಟಗೊಡದೆ ರಂಪ ಮಾಡುತ್ತಿದ್ದ ಕುದುರೆಯೊಂದರ ಪಕ್ಕ ಹೋಗಿ ಸುಮ್ಮನೆ ಕುಳಿತರು. “ಯಾಕವ್ವಾ, ಎಲ್ಲಿ ನೋಯ್ತೈತಿ?” ಎಂದು ಕೂಸಿನೊಂದಿಗೆ ಮಾತಾಡಿದಂತೆ ಮಾತಾಡಿ ಕೈ ಇಟ್ಟರು. ಕುದುರೆ ಇಡಗೊಟ್ಟಿತು. ಜಂಬುನಾಥ್ ದೂರದಿಂದ ನೋಡುತ್ತಿದ್ದರು. ಮರುದಿನದಿಂದ ಕುಡುಗೋಲು ಬೇರೆಯವರ ಕೈಗೆ ಹೋಯಿತು.

“ಬಲಗೈ ಕುಡುಗೋಲು ಹಿಡದು ಒರಟಾಗೈತ್ರಿ, ಅದಕ್ಕ ಏನೂ ತಿಳಿಯೂದಿಲ್ಲ,” ಎಂದು ಹೊಳೆಮ್ಮ ಎರಡೂ ಕೈ ಚಾಚಿ ತೋರಿಸುತ್ತಾರೆ. “ಎಡಗೈ ಹಿಂಬದಿ ನೋಡ್ರಿ, ಇನ್ನಾ ಮೆತ್ತಗೈತಿ. ಕೂಸಿನ ನೀರಿನ ಹದ ನೋಡ್ತಿದ್ದದ್ದೂ ಇದರಾಗ.”

ಮನೆಯಲ್ಲಿ ಗಾಳೆಪ್ಪನವರ ತಕರಾರು ಬೇರೆ. “ಒಂಬತ್ತು ವರ್ಷ ಆತು, ನನ್ನ ಕಾಲು ಒಂದಿನ ಒತ್ತಿಲ್ಲ ಈಕಿ. ಕುದುರಿಯಾಗಿ ಹುಟ್ಟಬೇಕಿತ್ತು ನಾನು,” ಎಂದು ಬಂದವರೆದುರೆಲ್ಲ ದೂರುತ್ತಾರೆ. ಹೇಳುವಾಗ ಮುಖದ ತುಂಬ ನಗು.

ಆರು ಗಂಟೆಗೆ ತಾಲೀಮು. ಜಂಬುನಾಥ್ ಕರಿ ಕುದುರೆಯ ಎದೆಗೆ ಬಡಿತ ಅಳೆಯುವ ಪಟ್ಟಿ ಬಿಗಿದು ಏರುತ್ತಾರೆ. ಮೊದಲು ನಡಿಗೆ, ಆಮೇಲೆ ಕುಕ್ಕುಲೋಟ, ಕೊನೆಗೆ ನಾಗಾಲೋಟ. ನಿಂತಾಗ ನಿಮಿಷಕ್ಕೆ ಮೂವತ್ತೈದು ಸಲ ಬಡಿಯುವ ಎದೆ, ಓಟ ಏರಿದಾಗ ಇನ್ನೂರು ದಾಟುತ್ತದೆ. ಆ ವೇಗದಲ್ಲಿ ಕುದುರೆಗೆ ಬೇಕೆಂದಾಗ ಉಸಿರಾಡುವ ಸ್ವಾತಂತ್ರ್ಯವೂ ಇಲ್ಲ. ಒಂದು ನೆಗೆತಕ್ಕೆ ಒಂದೇ ಉಸಿರು. ಮೈಯಿಂದ ಬೆವರು ಲೀಟರ್‌ಗಟ್ಟಲೆ ಹರಿಯುತ್ತದೆ. ನೆಲ ಮುಟ್ಟುವ ಒಂಟಿ ಕಾಲಿನ ಮೇಲೆ ಒಂದು ಕ್ಷಣಕ್ಕೆ ಟನ್ನಿಗೂ ಹೆಚ್ಚು ಭಾರ ಬೀಳುತ್ತದೆ. ಆ ಕಾಲಿನ ಕೆಳಭಾಗವೋ, ನಮ್ಮ ನಿಮ್ಮ ಮುಂಗೈಗಿಂತ ದಪ್ಪವೇನಿಲ್ಲ!

“ಮೊಣಕಾಲ ಕೆಳಗ ಮಾಂಸನ ಇಲ್ರಿ. ಎಲುಬು, ನರ, ತೊಗಲು. ಮುಗೀತು,” ಎನ್ನುತ್ತಾರೆ ಹೊಳೆಮ್ಮ. “ಮ್ಯಾಲ ನೋಡಿದ್ರ ಪೈಲ್ವಾನ, ಕೆಳಗ ನೋಡಿದ್ರ ಕೂಸು.”

ಓಟ ಮುಗಿದ ಕುದುರೆಗಳನ್ನು ಅವರು ಹತ್ತು ನಿಮಿಷ ನಡೆಸಿ ಆರಿಸಿ, ಪಕ್ಕದ ತುರ್ತು ಕಾಲುವೆಗೆ ಇಳಿಸುತ್ತಾರೆ. ವಿಜಯನಗರದ ಕಾಲದ ಕಾಲುವೆ, ಇವತ್ತಿಗೂ ತಣ್ಣಗೆ ಹರಿಯುತ್ತದೆ. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಕುದುರೆ ಇಪ್ಪತ್ತು ನಿಮಿಷ ನಿಲ್ಲಬೇಕು, ಜತೆಗೆ ಹೊಳೆಮ್ಮನೂ. ಹೆಸರು ತುರ್ತು ಕಾಲುವೆಯಾದರೂ ಅಲ್ಲಿ ಇಬ್ಬರಿಗೂ ಯಾವ ತುರ್ತೂ ಇರುವುದಿಲ್ಲ. ಅವರು ಊರ ಸುದ್ದಿಯನ್ನೆಲ್ಲ ಕುದುರೆಗೆ ಹೇಳಿ ಮುಗಿಸುತ್ತಾರೆ.

ಫಾರ್ಮಿನ ಹಿಂದಿನ ಬಯಲಿನಲ್ಲಿ ಬೂದು ಬಣ್ಣದ ಗಂಡು ಕುದುರೆಯೊಂದು ತನ್ನ ಪಾಡಿಗೆ ಮೇಯುತ್ತಿರುತ್ತದೆ. ಎಡ ಮುಂಗಾಲು ನಡುವೆ ಗಂಟು ಕಟ್ಟಿದಂತೆ ದಪ್ಪ. ಹೊಳೆಮ್ಮನ ಬಾಯಲ್ಲಿ ಬೂದ್ಯಾ. ನಾಲ್ಕು ವರ್ಷದ ಹಿಂದೆ ಇಲ್ಲೇ ತಾಲೀಮು ಪಡೆದು ರೇಸಿಗೆ ಹೋದವನು. ಕಳಿಸುವ ಮುನ್ನಾ ದಿನ ಅವನ ಕಾಲಲ್ಲಿ ಹೊಳೆಮ್ಮನ ಕೈಗೆ ನೂಲೆಳೆಯಷ್ಟು ಬಿಸಿ ಸಿಕ್ಕಿತ್ತು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. “ದೊಡ್ಡವರಿಗೆ ತಿಳೀದಿದ್ದು ನನಗೇನು ತಿಳೀತೈತಿ ಅಂತ ಸುಮ್ನಾದೆ.” ಮೂರನೇ ವಾರಕ್ಕೆ ಓಟದ ನಡುವೆ ಬೂದ್ಯಾನ ಕಾಲು ಕೈಕೊಟ್ಟಿತು. ಜೀವ ಉಳಿಯಿತು, ಓಟ ಹೋಯಿತು. ಈಗ ಅವನು ಆರಾಮಾಗಿದ್ದಾನೆ, ಹೊಳೆಮ್ಮನ ಸೆರಗಿನಲ್ಲಿ ಬೆಲ್ಲ ಹುಡುಕುತ್ತಾನೆ. ಆದರೂ ಆ ದಪ್ಪ ಕಾಲು ಕಂಡಾಗಲೆಲ್ಲ ಹೊಳೆಮ್ಮ ಬಗ್ಗಿ ಅದನ್ನೊಮ್ಮೆ ಸವರುತ್ತಾರೆ. ಅವನ ಕಾಲು ಹೋದ ದಿನವೇ ನಿರ್ಧರಿಸಿದ್ದರು, ಇನ್ನೊಮ್ಮೆ ಬಾಯಿ ಮುಚ್ಚಿಕೊಂಡು ಇರುವುದಿಲ್ಲ ಎಂದು.

ಹಾಗೆ ಬಾಯಿ ತೆರೆದದ್ದೇ ಕೆಂಪಿಯ ವಿಷಯದಲ್ಲಿ. ಕಾಗದದ ಮೇಲೆ ಆಕೆಗೆ ಉದ್ದನೆಯ ಇಂಗ್ಲಿಷ್ ಹೆಸರಿದೆ, ಹೊಳೆಮ್ಮನಿಗೆ ನಾಲಿಗೆ ಹೊರಳದ್ದು. ಗಾಳಿಗೆ ಕಾಲು ಮೂಡಿದಂತೆ ಓಡುವ ಹುಡುಗಿ. ತಾಲೀಮು ಶುರುವಾಗಿ ಮೂರೇ ತಿಂಗಳಿಗೆ ಜಂಬುನಾಥರ ಪಟ್ಟಿ ಅಚ್ಚರಿಯ ಅಂಕಿ ತೋರಿಸತೊಡಗಿತ್ತು. ಓಡಿ ನಿಂತ ಸ್ವಲ್ಪ ಹೊತ್ತಿಗೇ ಇನ್ನೂರರ ಬಡಿತ ಅರುವತ್ತಕ್ಕೆ ಇಳಿಯುತ್ತಿತ್ತು. ಅಷ್ಟು ಬೇಗ ಎದೆ ಹದಕ್ಕೆ ಬಂದಿತ್ತು. ಸುದ್ದಿ ಸಂಡೂರಿಗೆ ಮುಟ್ಟಿತು. ಮಹಾಂತೇಶ ಅವರು ಫಾರ್ಮಿಗೆ ಫೋನ್ ಮಾಡಿದರು. ಜಂಬುನಾಥ್ ಅಂದು ಬಳ್ಳಾರಿಗೆ ಮದುವೆಗೆ ಹೋಗಿದ್ದರಿಂದ ಫೋನ್ ಎತ್ತಿದ್ದು ಹೊಳೆಮ್ಮ.

“ಏನವ್ವಾ ಹೊಳೆಮ್ಮ, ಕೆಂಪಿನ್ನ ಮೈಸೂರಿಗೆ ಕಳಸೂಣೇನು?”

“ಹೆಂಗ ಕಳಸ್ತೀರ್ರಿ ಸಾವ್ಕಾರ್ರ? ಇನ್ನಾ ಕಾಲ್ ಬಂದಿಲ್ಲಲ್ಲ.”

“ಬಂದಿಲ್ಲಾ? ಹಂಗಾರ ನಾನ ಮಾಡ್ತೀನಿ ಬಿಡು.”

“ನೀವು ಮಾಡಿದ್ರ ಬರೂದಲ್ರಿ ಅದು. ತಾನಾಗೇ ಬರಬೇಕು.”

“ಎಷ್ಟು ದಿನ ಕಾಯೂದವ್ವಾ?”

“ಮೂರು ತಿಂಗಳಾರ ಬೇಕ್ರಿ. ಹಿಂದಿನ ಎರಡು ಬಂದಾವು. ಮುಂದಿನ ಎರಡು ಬರಬೇಕು.”

ಮಹಾಂತೇಶ ಅವರಿಗೆ ಅರ್ಥವಾದದ್ದು ಇಷ್ಟು: ಕುದುರೆಯನ್ನು ರೇಸಿಗೆ ಇಳಿಸಬೇಕಾದ ಮೈಸೂರಿನ ಟ್ರೇನರ್ ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾನೆ, ಇನ್ನೆರಡು ಸಲ ಮಾಡುವ ತನಕ ಕುದುರೆ ಕಳಿಸಬಾರದಂತೆ, ಅದಕ್ಕೆ ಮೂರು ತಿಂಗಳು ಕಾಯಬೇಕಂತೆ. ಎಲಾ ಇವನ! ಸಿಟ್ಟಿನಲ್ಲಿ ಮೈಸೂರಿಗೆ ತಾವೇ ಫೋನ್ ಹಚ್ಚಿದರು. ಆ ಕಡೆಯವರಿಗೆ ತಲೆಬುಡ ತಿಳಿಯಲಿಲ್ಲ. “ನಾಳೆಯೇ ಕಳಿಸಿ ಸಾರ್, ಜಾಗ ಇದೆ,” ಎಂದರು.

ಮರುದಿನ ಬೆಳಿಗ್ಗೆ ಕುದುರೆ ಸಾಗಿಸುವ ಲಾರಿ ಫಾರ್ಮಿನ ಗೇಟಿಗೆ ಬಂದು ನಿಂತಿತು. ಹಿಂದೆಯೇ ಮಹಾಂತೇಶ ಅವರ ಕಾರು. ಕೆಂಪಿಯ ಹಗ್ಗ ಹಿಡಿದು ಕಾಲುವೆಗೆ ಹೊರಟಿದ್ದ ಹೊಳೆಮ್ಮ ಗಕ್ಕನೆ ನಿಂತರು.

“ಗಾಡಿ ಯಾಕ್ರಿ ತಂದ್ರಿ?”

“ನೀನ ಅಲ್ಲೇನು ಕಾಲ್ ಬಂದಿಲ್ಲ ಅಂದಾಕಿ? ನಾನ ಕಾಲ್ ಮಾಡಿದೆ, ಕಳಸ್ರಿ ಅಂದ್ರು.”

“ಅಯ್ಯ ನನ್ನಪ್ಪಾ! ಫೋನಿನ ಕಾಲ್ ಅಲ್ರಿ, ಕುದುರಿ ಕಾಲು!”

ಮೊದಲು ನಕ್ಕವನು ಲಾರಿ ಡ್ರೈವರ್. ಆಮೇಲೆ ಮದುವೆ ಮುಗಿಸಿ ಆಗಷ್ಟೇ ಬಂದಿಳಿದಿದ್ದ ಜಂಬುನಾಥ್. ಕೊನೆಗೆ ಮಹಾಂತೇಶ ಅವರೂ ಕಾರಿನ ಬಾಗಿಲು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ‘ಕಾಲು’ ನಮ್ಮ ಕಡೆ ಬಾಯಲ್ಲಿ ‘ಕಾಲ್’ ಆಗುತ್ತದೆ, ಫೋನಿನದೂ ಕಾಲೇ, ಯಾರನ್ನು ದೂರುವುದು?

ನಕ್ಕದ್ದಾಯಿತು. ಆದರೆ ನಗು ಮುಗಿದ ಮೇಲೂ ಲಾರಿ ಅಲ್ಲೇ ನಿಂತಿತ್ತು. “ಹೋಗ್ಲಿ ಬಿಡವ್ವಾ, ಗಾಡಿ ಬಂದೈತಿ, ಅವರಿಗೆ ಹೇಳೂದೂ ಆಗೈತಿ. ಎದಿ ಫಸ್ಟ್ ಕ್ಲಾಸ್ ಐತಂತಲ್ಲ, ಹತ್ತಸ್ರಿ,” ಎಂದರು ಮಹಾಂತೇಶ.

ಹೊಳೆಮ್ಮ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. “ಎದಿ ಬಂದೈತ್ರಿ, ನಾ ಇಲ್ಲ ಅನ್ನಂಗಿಲ್ಲ. ಬೂದ್ಯಾಂದೂ ಬಂದಿತ್ತು. ಅವತ್ತು ನನ್ನ ಕೈಗೆ ಗೊತ್ತಿತ್ತು, ಬಾಯಿ ತೆರೀಲಿಲ್ಲ. ಈಕಿ ಮುಂಗಾಲಾಗೂ ಅದ ಬಿಸಿ ಐತಿ, ಇವತ್ತು ತೆರದೀನಿ. ಬೇಕಾದ್ರ ಕೆಲಸದಿಂದ ಬಿಡಸ್ರಿ. ಹಗ್ಗ ಮಾತ್ರ ಬಿಡೂದಿಲ್ಲ.”

ಹೊಳೆಮ್ಮನ ಗಂಟಲಲ್ಲಿ ಆ ಗಡಸು ಯಾರೂ ಕೇಳಿರಲಿಲ್ಲ. ಜಂಬುನಾಥ್ ಬಂದು ಕೆಂಪಿಯ ಮುಂಗಾಲು ಮುಟ್ಟಿ ನೋಡಿದರು. ಅವರ ಕೈಗೆ ಏನೂ ಸಿಗಲಿಲ್ಲ, ಹಾಗಂತ ಒಪ್ಪಿಕೊಂಡರು ಕೂಡ. “ಆದ್ರ ಸಾರ್, ಅಕ್ಕನ ಕೈ ನನ್ನ ಕೈಯಲ್ಲ. ಡಾಕ್ಟ್ರನ್ನ ಕರಸ್ರಿ,” ಎಂದರು.

ಹೊಸಪೇಟೆಯಿಂದ ಪಶುವೈದ್ಯೆ ಸ್ನೇಹಾ ಸ್ಕ್ಯಾನ್ ಯಂತ್ರ ಹಿಡಿದು ಬಂದರು. ಎಲುಬು ಮುರಿದಿಲ್ಲ, ನರ ಹರಿದಿಲ್ಲ. ಆದರೆ ಎರಡೂ ಮುಂಗಾಲುಗಳ ಎಲುಬಿನ ಮೇಲಿನ ಪೊರೆ ಕೂದಲೆಳೆಯಷ್ಟು ಉಬ್ಬಿತ್ತು. ಇನ್ನೂ ನೋವು ಶುರುವಾಗದ ಹಂತ. “ತಾಲೀಮು ಕೊಟ್ಟ ಎರಡು ಮೂರು ತಿಂಗಳಿಗೆ ಎದಿ, ಮಾಂಸಖಂಡ ಎಲ್ಲ ತಯಾರಾಗ್ತಾವ. ಎಲುಬು ನಿಧಾನ. ಮಾಂಸಕ್ಕೂ ಎಲುಬಿಗೂ ಗಂಟು ಹಾಕಿರೋ ನರದ ಹುರಿ ಇನ್ನೂ ನಿಧಾನ. ಓಡೋ ಹುರುಪು ಮೊದಲು ಬರ್ತೈತಿ, ಅದನ್ನ ಹೊರೋ ಕಾಲು ಆಮ್ಯಾಲ,” ಎಂದು ಸ್ನೇಹಾ ವಿವರಿಸಿದರು. “ಈ ನಡುವಿನ ತಿಂಗಳದಾಗ ಹೆಚ್ಚು ಕುದುರಿ ಕೆಡೋದು. ನನ್ನ ಮಷಿನ್ನು ಈಗ ಹೇಳಿದ್ದನ್ನ ಹೊಳೆಮ್ಮ ನಿನ್ನೆ ಹೇಳ್ಯಾರ, ಅಷ್ಟ ವ್ಯತ್ಯಾಸ.”

ಲಾರಿ ಖಾಲಿ ಮರಳಿತು.

ಆಮೇಲಿನ ಮೂರು ತಿಂಗಳು ಕೆಂಪಿಯದೂ ಹೊಳೆಮ್ಮನದೂ ಒಂದೇ ದಿನಚರಿ. ಮೊದಲ ತಿಂಗಳು ಬರೀ ನಡಿಗೆ, ಕಾಲುವೆ, ನಡಿಗೆ. ಹಾಗೆಂದು ಮಲಗಿಸಿದರೂ ಆಗದು. ಕೆಲಸವಿಲ್ಲದ ಎಲುಬು ಇನ್ನಷ್ಟು ಸೊರಗುತ್ತದೆ. ಎರಡನೇ ತಿಂಗಳಿಂದ ವಾರಕ್ಕೆರಡು ದಿನ ಚೂರೇ ಚೂರು ಜೋರಿನ ಓಟ, ನೂರಿನ್ನೂರು ಮೀಟರ್, ಮತ್ತೆ ಬಿಡುವು. ಪೆಟ್ಟು ಬಿದ್ದ ಜಾಗದಲ್ಲೇ ಎಲುಬು ಗಟ್ಟಿಯಾಗುತ್ತ ಹೋಯಿತು. “ಕಣ ಮಾಡಿದಂಗ್ರಿ,” ಎನ್ನುತ್ತಾರೆ ಹೊಳೆಮ್ಮ. “ನೀರು ಹೊಡದು, ಬಡದು, ಆರಾಕ ಬಿಡಬೇಕು. ಮತ್ತ ಬಡೀಬೇಕು. ಒಂದ ದಿನ ಎಲ್ಲಾ ಬಡದ್ರ ನೆಲ ಬಿರೀತೈತಿ.” ಜಂಬುನಾಥ್ ಏರುವ ಮುಂಚೆ ಹೊಳೆಮ್ಮನ ಮುಖ ನೋಡುವುದನ್ನು ರೂಢಿ ಮಾಡಿಕೊಂಡರು. ಹೊಳೆಮ್ಮ ತಲೆಯಾಡಿಸಿದರೆ ಓಟ, ಇಲ್ಲವೆಂದರೆ ನಡಿಗೆ.

ತೊಂಬತ್ತೊಂದನೇ ಬೆಳಿಗ್ಗೆ ಕೆಂಪಿಯ ಪಕ್ಕ ಕುಳಿತ ಹೊಳೆಮ್ಮ ಎದ್ದು ಬಂದವರೇ “ಬಂದ್ವು” ಎಂದರು. ಜಂಬುನಾಥ್ ತಕ್ಷಣ ಸಂಡೂರಿಗೆ ಫೋನ್ ಹಚ್ಚಿದರು. ಈ ಸಲ ಲಾರಿಗಿಂತ ಮೊದಲೇ ಸಾಹುಕಾರರು ಬಂದರು, ಸಿಹಿ ಡಬ್ಬಿಯ ಜತೆ. “ಮೈಸೂರಿಗೆ ನೀನೂ ಬಾರವ್ವಾ, ಕಾರಿನಾಗ ಕುಂದ್ರು. ಕೆಂಪಿ ಓಡೋದು ನೋಡೀಯಂತ,” ಎಂದು ಕರೆದರು.

“ಬ್ಯಾಡ್ರಿ. ಇಲ್ಲಿ ಉಳಿದವರ ಕಾಲು ಯಾರು ನೋಡ್ತಾರ? ಗೆದ್ದದ್ದು ಸೋತದ್ದು ನನಗ ಹೇಳಬ್ಯಾಡ್ರಿ. ಓಡಿದ ಮರುದಿನ ಮುಂಜಾನಿ ನೀವ ಕುಂತು ಆಕಿ ಕಾಲು ಮುಟ್ಟಿ ನೋಡಿ, ಹೆಂಗದಾವು ಅಂತ ಒಂದು ಕಾಲ್ ಮಾಡ್ರಿ. ಅಷ್ಟ ನನ್ನ ಆಸೆ.”

ಬಿಳಿ ಪ್ಯಾಂಟಿನ ಮಹಾಂತೇಶ ಅವರನ್ನು ಲಾಯದ ನೆಲದಲ್ಲಿ ಕುಕ್ಕರಗಾಲಲ್ಲಿ ಕೂರಿಸಿ ಹೊಳೆಮ್ಮ ಅರ್ಧ ಗಂಟೆ ಪಾಠ ಮಾಡಿದರು. ಅಂಗೈ ಬ್ಯಾಡ, ಹಿಂಬದಿ. ಒತ್ತಬ್ಯಾಡ್ರಿ, ತಾಗಸ್ರಿ. ಒಂದು ಕಾಲು ಮುಟ್ಟಿ ಇನ್ನೊಂದಕ್ಕ ಹೋಲಿಸಿ ನೋಡ್ರಿ. ಸಾಹುಕಾರರು ಎರಡು ಸಲ ಹಿಂದಕ್ಕೆ ಬಿದ್ದರು. ಕೆಂಪಿ ಅವರ ತಲೆಯ ಮೇಲೆ ಬುಸ್ಸೆಂದು ಸೀನಿದಳು. ಪಾಠ ಮಾತ್ರ ಮುಗಿಯುವ ತನಕ ನಿಲ್ಲಲಿಲ್ಲ.

ಅದಾಗಿ ಎರಡು ತಿಂಗಳಿಗೆ ನಿನ್ನೆಯ ರೇಸ್.

ಈಗ ಏಳು ಗಂಟೆ. ಬಂಡೆಗಳ ಮೇಲೆ ಬಿಸಿಲು ಇಳಿದಿದೆ. ಹೊಳೆಮ್ಮ ಕರಿ ಕುದುರೆಯನ್ನು ಕಾಲುವೆಗೆ ಹೊರಡಿಸಬೇಕು, ಹೊರಡಿಸುತ್ತಿಲ್ಲ. ಹಗ್ಗ ಹಿಡಿದು ಲಾಯದ ಬಾಗಿಲಲ್ಲೇ ಸುಳಿಯುತ್ತಿದ್ದಾರೆ. “ಸಾವ್ಕಾರ್ರು ಮರತಾರೇನು?” ಎಂದು ಜಂಬುನಾಥರನ್ನು ಮೂರನೇ ಸಲ ಕೇಳುತ್ತಾರೆ. ಜಂಬುನಾಥ್ ಉತ್ತರಿಸುವಷ್ಟರಲ್ಲಿ ಕಿಟಕಿಯ ಕಲ್ಲಿನ ಮೇಲೆ ಮೊಬೈಲ್ ಲಾಯಕ್ಕೆಲ್ಲ ಕೇಳುವಂತೆ ಬಡಿದುಕೊಳ್ಳುತ್ತದೆ.

“ಹೊಳೆಮ್ಮಾ! ಕೆಂಪಿ ಮೂರನೇದಾಕಿ ಬಂದ್ಲು, ನೋಡಬೇಕಿತ್ತವ್ವಾ ನೀನು...”

“ಅದು ಆಮ್ಯಾಲ ಹೇಳ್ರಿ. ಕಾಲು?”

“ಕುಂತೀನಿ. ಕುಂತ ಮುಟ್ಟಾಕ ಹತ್ತೀನಿ. ಎಡ ಮುಂಗಾಲು ತಣ್ಣಗೈತಿ.”

“ಬಲದ್ದು?”

ಆ ಕಡೆ ಹುಲ್ಲು ಸರಬರ ಎನ್ನುತ್ತದೆ. ಯಾರೋ ಮುಲುಗುತ್ತಾರೆ. “ತಣ್ಣಗೈತಿ. ಕಾಲುವಿ ನೀರಿನಂಗ ತಣ್ಣಗೈತವ್ವಾ. ಹಿಂದಿನ ಎರಡೂ ನೋಡೀನಿ.”

ಹೊಳೆಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಖುಷಿಗೆ ಅಳು ಬಂದಿದೆ, ಅದನ್ನು ಮುಚ್ಚಿಡುವುದೂ ಇಲ್ಲ. “ಈಗ ಸಾವಕಾಶ ಏಳ್ರಿ ಸಾವ್ಕಾರ್ರ, ನಿಮ್ಮವು ಹಿಡಕೊಂಡಿರ್ತಾವು,” ಎಂದು ಹೇಳಿ ಫೋನ್ ಇಡುತ್ತಾರೆ. ಕರಿ ಕುದುರೆಯ ಹಗ್ಗ ಎಳೆದು ಕಾಲುವೆಯ ದಾರಿ ಹಿಡಿಯುತ್ತಾರೆ.

“ಅಕ್ಕಾ, ಏನಂತ?” ಎಂದು ಜಂಬುನಾಥ್ ಹಿಂದಿನಿಂದ ಕೂಗುತ್ತಾರೆ.

ಹೊಳೆಮ್ಮ ತಿರುಗಿ ನೋಡದೆ ಎಡಗೈ ಮೇಲೆತ್ತಿ ಬೀಸುತ್ತಾರೆ.

“ಕಾಲ್ ಬಂತಪ್ಪಾ. ನಾಕೂ ಬಂದ್ವು.”